ತೊಲೆಯ ಆ ತುದಿ

ಹೋದ ಶನಿವಾರ ನಮ್ಮ ಹಿತ್ತಲಿನಲ್ಲಿ ಕಾಂಕ್ರೀಟ್ ಹಾಕಿಸಿದೆವು. ದೊಡ್ಡದೇನಲ್ಲ, ಎರಡು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವಷ್ಟು ಜಾಗ. ಕೆಲಸದವರು ಬೆಳಿಗ್ಗೆಯೇ ಮುಗಿಸಿ ತಮ್ಮ ಯೂಟ್ ಅನ್ನುವ ಪಿಕಪ್ ಗಾಡಿ ಹತ್ತಿ ಹೊರಟುಹೋದರು. ಸಂಜೆ ನಾನು ಗ್ಯಾರೇಜಿನ ಮೂಲೆಯಿಂದ ಹಳೆಯ ಗೋಣಿಚೀಲವೊಂದನ್ನು ಎಳೆದು ಬಕೆಟ್ಟಿನ ನೀರಿನಲ್ಲಿ ಅದ್ದಿದೆ. ಒದ್ದೆ ಗೋಣಿ, ಹಸಿ ಸಿಮೆಂಟು... ಎರಡೂ ಸೇರಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ಕೈ ಅಲ್ಲೇ ನಿಂತಿತು. ಬೇಲಿಯ ಆ ಕಡೆಯಿಂದ ಪಕ್ಕದ್ಮನೆ ತಾತ ಈಗ ಕೂಗುತ್ತಾರೆ ಅನ್ನಿಸಿತು. ಕೂಗಲು ಅವರಿಲ್ಲ. ಇಲ್ಲದೆ ಎಷ್ಟೋ ವರ್ಷಗಳಾದವು.

ಎರಡು ಸಾವಿರದ ಐದರ ಮಾತು. ಆಗ ಹ್ಯಾಮಿಲ್ಟನ್ ಅಂಚಿನ ನಮ್ಮ ರೊಟೊಟೂನ ಅಂದರೆ ಅರ್ಧ ಬಡಾವಣೆ, ಅರ್ಧ ಹಸುಗಳ ಹುಲ್ಲುಗಾವಲು. ನನ್ನ ಗಂಡನಿಗೆ ಹ್ಯಾಮಿಲ್ಟನ್ನಿನ ಹಾಲಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ನನಗೆ ಒಂದು ಲ್ಯಾಬಿನಲ್ಲಿ ಅರ್ಧ ದಿನದ್ದು, ಮಗಳಿಗೆ ಎಂಟು ವರ್ಷ. ಹೊಸ ಮನೆಗೆ ಬಂದ ಮೊದಲ ವಾರವೇ ಬೇಲಿಯ ಮೇಲಿಂದ ಒಂದು ಬಿಳಿಯ ತಲೆ ಇಣುಕಿ ಯಾವ ದೇಶದವರೆಂದು ವಿಚಾರಿಸಿತು. ಇಂಡಿಯಾ ಅಂದೆ. "ಹಾಗಾದ್ರೆ ನೀವೂ ಇಂಗ್ಲಿಷರನ್ನ ಓಡಿಸಿದೋರೇ. ನಾನು ಐರ್ಲೆಂಡಿನೋನು. ಬನ್ನಿ, ಟೀ ಕುಡಿಯೋಣ," ಎಂದರು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಅರ್ಧ. ಹೇಗೋ ಒಟ್ಟಿಗೆ ಒಂದು ಪೂರ್ತಿ ಮಾತಾಗುತ್ತಿತ್ತು. ಅವರು ಅಂದದ್ದನ್ನು ಇಲ್ಲಿ ನನ್ನ ಮೈಸೂರು ಕನ್ನಡದಲ್ಲೇ ಹೇಳುತ್ತೇನೆ, ನನಗೆ ಅದು ನೆನಪಿರುವುದೂ ಹಾಗೆಯೇ.

ಎಂಬತ್ತೆರಡು ವರ್ಷ ಅವರಿಗೆ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಡಗು ಹತ್ತಿ ಈ ದೇಶಕ್ಕೆ ಬಂದು, ವೈಕಾಟೊ ನದಿಯ ಅಣೆಕಟ್ಟುಗಳಲ್ಲಿ ಕಾಂಕ್ರೀಟ್ ಹಾಕಿ ಹಾಕಿ ರಿಟೈರ್ ಆದವರು. ಅಣೆಕಟ್ಟಿನ ಬಗ್ಗೆ ಕೇಳಿದರೆ ಸಾಕು, ನದಿಯನ್ನು ತಾವೊಬ್ಬರೇ ಅಡ್ಡ ಮಲಗಿ ನಿಲ್ಲಿಸಿದಂತೆ ಮಾತಾಡುತ್ತಿದ್ದರು. ಅದಕ್ಕಿಂತ ಹಿಂದಿನದರ ಬಗ್ಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಇಲ್ಲಿ ಏಪ್ರಿಲ್ ಇಪ್ಪತ್ತೈದು ಆನ್ಜಾಕ್ ದಿನ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಬೆಳಕು ಹರಿಯುವ ಮೊದಲೇ ಊರೂರಿನಲ್ಲಿ ಸ್ಮಾರಕದ ಕಲ್ಲಿನ ಮುಂದೆ ಜನ ಸೇರುತ್ತಾರೆ, ಮುದುಕರು ಕೋಟಿಗೆ ಪದಕ ಸಿಕ್ಕಿಸಿಕೊಂಡು ಬರುತ್ತಾರೆ. ಇವರು ಅವತ್ತು ಪರದೆ ಎಳೆದುಕೊಂಡು ಒಳಗೇ ಇರುತ್ತಾರೆಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು.

ನಮ್ಮ ಮನೆಯ ಮುಂದಿನ ಡ್ರೈವ್‌ವೇ ಆ ಏಪ್ರಿಲ್‌ವರೆಗೂ ಬರಿ ಜಲ್ಲಿಯಾಗಿತ್ತು. ಎರಡನೇ ವಾರದಲ್ಲಿ ಕಂತ್ರಾಟುದಾರರು ಬಂದು ಕಾಂಕ್ರೀಟ್ ಹಾಕಿ, ನಯ ಮಾಡಿ, ಹನ್ನೊಂದು ಗಂಟೆಗೆಲ್ಲ ಮಾಯವಾದರು. ಅದಕ್ಕೆ ನೀರು ಹಾಕುವವರು ಯಾರು? ಗಂಡನಿಗೆ ಫೋನ್ ಮಾಡಿ ಕೇಳಿದರೆ, "ಇಲ್ಲಿ ಹಂಗೆಲ್ಲ ಹಾಕಲ್ಲ ಕಣೇ, ಸುಮ್ನಿರು," ಅಂದ. ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೈಸೂರಿನಲ್ಲಿ ನಮ್ಮಪ್ಪ ಮನೆ ಕಟ್ಟಿಸಿದಾಗ ಕ್ಯೂರಿಂಗ್ ಖಾತೆ ನನ್ನದೇ ಆಗಿತ್ತು. ಸ್ಕೂಲಿಗೆ ಹೋಗುವ ಮೊದಲು ಕಂಬಗಳ ಗೋಣಿ ನೆನೆಸಬೇಕು, ಬಂದ ಮೇಲೆ ತಾರಸಿಯಲ್ಲಿ ಪಾತಿ ಕಟ್ಟಿ ನೀರು ನಿಲ್ಲಿಸಬೇಕು. ಒಂದು ದಿನ ತಪ್ಪಿದರೂ ಅಪ್ಪ ಊಟದ ತಟ್ಟೆಯ ಮುಂದೆ ಮುಖ ಗಂಟಿಕ್ಕಿ ಕೂರುತ್ತಿದ್ದರು. ಅಂಥ ಮನೆಯ ಮಗಳು ನಾನು, ಬೋಳು ಕಾಂಕ್ರೀಟ್ ಬಿಸಿಲಿಗೆ ಒಣಗುವುದನ್ನು ನೋಡಿಕೊಂಡು ಇರುತ್ತೇನೆಯೇ?

ಎರಡು ಗಂಟೆಗೆ ಹೋಸ್ ಪೈಪ್ ತಿರುಗಿಸಿ ಬಿಟ್ಟೆ.

ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಒಂದೇ. ಅದು ಮೈಸೂರಿನ ಏಪ್ರಿಲ್ ಅಲ್ಲ, ಹ್ಯಾಮಿಲ್ಟನ್ನಿನ ಏಪ್ರಿಲ್. ನಮ್ಮೂರಲ್ಲಿ ಮೂರು ಗಂಟೆಯಲ್ಲಿ ಬಿಗಿಯುವ ಕಾಂಕ್ರೀಟ್ ಇಲ್ಲಿನ ತಣ್ಣನೆಯ ಗಾಳಿಗೆ ಇನ್ನೂ ಹಸಿ ಹಿಟ್ಟು. ಗ್ಯಾರೇಜಿನ ಬಾಗಿಲ ಮುಂದೆ ಮೇಲಿನ ನುಣುಪೆಲ್ಲ ಬೂದಿ ನೀರಾಗಿ ಹರಿದು, ಅಡಿಯ ಮರಳು ಹಲ್ಲು ಕಿರಿಯಿತು. ಪೈಪು ಹಿಡಿದುಕೊಂಡೇ ನಿಂತಿದ್ದೇನೆ, ನಿಲ್ಲಿಸಬೇಕೆಂಬುದೂ ಹೊಳೆಯುತ್ತಿಲ್ಲ.

ಆಗ ಕೇಳಿತು ಅವರ ಕೂಗು. ಎಂಬತ್ತೆರಡರ ಎದೆಗೂಡಿನಿಂದ ಅಂಥ ಸದ್ದು ಬರುತ್ತದೆಂದು ನಾನು ಎಣಿಸಿರಲಿಲ್ಲ. "ನೀರು ನಿಲ್ಸು!" ಎಂದು ಒಮ್ಮೆ ಕೂಗಿದರು ಅಷ್ಟೆ, ಆಚೆ ಬೀದಿಯ ನಾಯಿ ಎದ್ದು ಬೊಗಳಿತು. ಮರುಕ್ಷಣ ಮನೆಯ ಚಪ್ಪಲಿಯಲ್ಲೇ ಬೇಲಿ ಸುತ್ತಿ ಓಡಿ ಬಂದರು. ಕೈಯಲ್ಲಿ ಒಂದು ಕರಣೆ, ಗಾರೆ ಉಜ್ಜುವ ಒಂದು ಮರದ ಹಲಗೆ. ಬೈಯಲಿಲ್ಲ. ಬಗ್ಗಿ ಹೆಬ್ಬೆರಳು ಒತ್ತಿ ನೋಡಿದರು. "ಇನ್ನೂ ಜೀವ ಇದೆ. ಬೇಗ ಆಗ್ಬೇಕು. ಕಾಂಕ್ರೀಟು ಯಾರಿಗೂ ಕಾಯಲ್ಲ."

ಗೋಣಿಚೀಲದಿಂದ ನೀರು ಹೀರಿಸಿದರು. ನಮ್ಮ ಮನೆಯ ಹಳೆಯ ಬೀರುವಿನ ಬಾಗಿಲೊಂದನ್ನು ಅಡ್ಡ ಹಾಕಿಸಿ ಅದರ ಮೇಲೆ ಮೊಣಕಾಲೂರಿದರು. ಮರದ ಹಲಗೆಯನ್ನು ಒತ್ತಿ ಒತ್ತಿ, ಸುತ್ತಿ ಸುತ್ತಿ, ಅಡಿಯಲ್ಲಿ ಉಳಿದಿದ್ದ ಸಿಮೆಂಟಿನ ಹಾಲನ್ನು ಮೇಲಕ್ಕೆ ಕರೆದರು. ಕರೆದರು ಅಂತಲೇ ಹೇಳಬೇಕು, ಬಲವಂತ ಮಾಡಲಿಲ್ಲ. ಒಂದೂವರೆ ಗಂಟೆ. ನಾನು ಪಕ್ಕದಲ್ಲಿ ಬಕೆಟ್ ಹಿಡಿದು ಶಾಪಗ್ರಸ್ತೆಯಂತೆ ನಿಂತಿದ್ದೆ. ಮುಗಿದಾಗ ನನ್ನ ಭುಜ ಹಿಡಿದೇ ಎದ್ದರು, ಮುಖ ಮಾತ್ರ ಹಬ್ಬದ ಹಾಗಿತ್ತು.

"ಎಲ್ಲಿ ಕಲಿತೆ ನೀರು ಹಾಕೋದು?" ಎಂದು ಕೇಳಿದರು. ಅಪ್ಪನ ಮನೆಯ ಕಥೆ ಹೇಳಿದೆ. "ಈ ದೇಶದಲ್ಲಿ ಕಾಂಕ್ರೀಟಿಗೆ ನೀರು ಬೇಕು ಅಂತ ಗೊತ್ತಿರೋ ಹೆಂಗಸು ನೀನೊಬ್ಳೇ. ಯಾವಾಗ ಅನ್ನೋದು ಮಾತ್ರ ಗೊತ್ತಿಲ್ಲ," ಎಂದರು. ಆಮೇಲೆ ಹದಿನಾಲ್ಕು ದಿನ ಒದ್ದೆಯಾಗಿಡಬೇಕು, ಗೋಣಿ ಎಷ್ಟಿದೆ ಎಂದು ವಿಚಾರಿಸಿದರು. ಇದ್ದದ್ದು ಮೂರು. ನಾನು ಒಳಗೆ ಹೋಗಿ ಹಳೆಯ ಹತ್ತಿ ಸೀರೆಗಳ ಗಂಟನ್ನೇ ತಂದೆ. ಸಂಜೆ, ಹೆಬ್ಬೆರಳಿನ ಗುರುತು ಮೂಡದಷ್ಟು ಬಿಗಿದ ಮೇಲೆ, ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಒಂಬತ್ತು ಸೀರೆ ಹಾಸಿದೆವು. ಕೆಲಸದಿಂದ ಬಂದ ಗಂಡ ಕಾರನ್ನು ಬೀದಿಯಲ್ಲೇ ನಿಲ್ಲಿಸಿ, ಯಾರ ಮದುವೆ ಎಂದು ಕೇಳಿದ.

ಅಲ್ಲಿಂದ ದಿನಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವರು ಹಾಜರು. ಮಗಳು ಅವರನ್ನು ತಾತ ಅನ್ನಲು ಶುರು ಮಾಡಿದ್ದಳು. ನನ್ನ ಹತ್ತಿರ ಇಂಗ್ಲಿಷು ಬಿಟ್ಟು ಬೇರೆ ಆಡದವಳು, ಆ ಐರಿಷ್ ಮುದುಕನಿಗೆ ಮಾತ್ರ ಕನ್ನಡದ ತಾತ! ಹಸಿಯಿದ್ದಾಗ ತನ್ನ ಹೆಸರು ಬರೆಯಬೇಕಿತ್ತು ಎಂದು ಅವಳು ಮುಖ ಊದಿಸಿಕೊಂಡರೆ, "ಹೆಸರು ಕಾಂಕ್ರೀಟಿನ ಮೇಲೆ ಗೀಚೋದಲ್ಲ ಪುಟ್ಟಿ, ಬಾಯಲ್ಲಿ ಹೇಳೋದು," ಅಂದರು. ಅಂದವರೇ ಒದ್ದೆ ಸೀರೆಯನ್ನೇ ನೋಡುತ್ತ ಕೂತರು.

ಅವತ್ತಿನಿಂದ ಅವರ ಹಿಂದಿನ ಕಥೆ ಹೊರಬೀಳತೊಡಗಿತು. ಒಮ್ಮೆಗೇ ಅಲ್ಲ... ದಿನಕ್ಕಿಷ್ಟು, ನೀರು ಹಾಕುತ್ತ ಹಾಕುತ್ತ.

ಹತ್ತೊಂಬತ್ತು ವರ್ಷಕ್ಕೆ ಊರು ಬಿಟ್ಟರಂತೆ. ಮನೆಯಲ್ಲಿ ಒಂಬತ್ತು ಮಕ್ಕಳು, ಹೊಲದಲ್ಲಿ ಬರಿ ಕಲ್ಲು, ಜೌಗು. ಇಂಗ್ಲೆಂಡಿನಲ್ಲಿ ಗಂಡಸರೆಲ್ಲ ಯುದ್ಧಕ್ಕೆ ಹೋಗಿ ಕೂಲಿಗೆ ಜನವಿರಲಿಲ್ಲ. ಹಡಗು ಹತ್ತಿಸುವ ಮೊದಲು ಬಟ್ಟೆ ಬಿಚ್ಚಿಸಿ, ದನಗಳನ್ನು ನೋಡುವ ಹಾಗೆ ಸಾಲು ನಿಲ್ಲಿಸಿ ಹೇನು ಪರೀಕ್ಷೆ ಮಾಡಿದರಂತೆ. ಅದನ್ನು ಹೇಳುವಾಗ ಅರುವತ್ತು ವರ್ಷದ ಹಿಂದಿನ ನಾಚಿಕೆ ಅವರ ಕಿವಿಯನ್ನು ಕೆಂಪಾಗಿಸಿದ್ದನ್ನು ನಾನು ಕಂಡೆ. ಆಚೆ ದಡದಲ್ಲಿ ಗೋಧಿಯ ಹೊಲಗಳನ್ನು ಅಗೆದು ಬಾಂಬರ್ ವಿಮಾನಗಳಿಗೆ ರನ್‌ವೇ ಮಾಡುವ ಕೆಲಸ. ತಗಡಿನ ಶೆಡ್ಡಿನಲ್ಲಿ ವಾಸ, ಒದ್ದೆ ಬೂಟು, ಆರಿದ ಟೀ. ಅಂಕಣ ಅಂಕಣವಾಗಿ, ಅಂದರೆ ತುಂಡು ತುಂಡಾಗಿ, ಸುರಿದ ಕಾಂಕ್ರೀಟನ್ನು ಸಮ ಮಾಡಲು ಉದ್ದನೆಯ ಮರದ ತೊಲೆ. ಈ ತುದಿಗೊಬ್ಬ, ಆ ತುದಿಗೊಬ್ಬ. ಇಬ್ಬರೂ ಒಟ್ಟಿಗೆ ಎತ್ತಿ ಒಟ್ಟಿಗೆ ಬಡಿಯಬೇಕು, ಒಬ್ಬನ ಕೈ ತಪ್ಪಿದರೆ ನೆಲದಲ್ಲಿ ಅಲೆ ಏಳುತ್ತದೆ. ಆ ತುದಿ ಹಿಡಿದವನು ಇವರ ಊರಿನವನೇ, ಜೊತೆಗೇ ಹಡಗು ಹತ್ತಿದವನು. ಹಾಡು ಹೇಳಿಕೊಂಡು ತೊಲೆ ಬಡಿಯುತ್ತಿದ್ದನಂತೆ.

"ಅವನ ಹಾಡು ಮುಗಿಯೋ ಹೊತ್ತಿಗೆ ಒಂದು ಅಂಕಣ ಮುಗೀತಿತ್ತು," ಎಂದು ಹೇಳಿ ಸೀರೆಯ ಒಣಗಿದ ಮೂಲೆಗೆ ನೀರು ಸುರಿದರು.

ಒಂದು ಮಂಜಿನ ಬೆಳಿಗ್ಗೆ ಜಲ್ಲಿ ತುಂಬಿದ ಲಾರಿ ಹಿಂದಕ್ಕೆ ಬಂತು. ಡ್ರೈವರಿಗೆ ಕಾಣಲಿಲ್ಲ. ತೊಲೆಯ ಆ ತುದಿ ನೆಲಕ್ಕೆ ಬಿತ್ತು. ಇವರು ಓಡಲು ಹೊರಟರೆ ಮೇಸ್ತ್ರಿ ತಡೆದು ನಿಲ್ಲಿಸಿದ. ಸುರಿದದ್ದು ಬಿಗಿಯುತ್ತಿದೆ, ಮೊದಲು ಅಂಕಣ ಮುಗಿಸು ಎಂದ. ಬೇರೆ ಯಾರೋ ಬಂದು ಆ ತುದಿ ಹಿಡಿದರು. ಇವರು ಮುಗಿಸಿದರು. ಮುಗಿಸಿ ಹೋಗುವಷ್ಟರಲ್ಲಿ ಅವನನ್ನು ಟಾರ್ಪಾಲಿನಲ್ಲಿ ಸುತ್ತಿ ಆಗಿತ್ತು... ಅವನು ಸಿಪಾಯಿಯಲ್ಲ, ಅದಕ್ಕೇ ಯಾವ ಸ್ಮಾರಕದಲ್ಲೂ ಹೆಸರಿಲ್ಲ. ಶತ್ರುಗಳಾದ ಇಂಗ್ಲಿಷರ ಕೂಲಿಗೆ ಹೋದವನೆಂದು ಊರಲ್ಲೂ ಯಾರೂ ಹೆಸರೆತ್ತಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಪಬ್ಬಿನಲ್ಲಿ ಯಾರೋ ಯುದ್ಧದಲ್ಲಿ ಎಲ್ಲಿದ್ದೆ ಎಂದು ಕೇಳಿ, ಇವರು ಕಾಂಕ್ರೀಟ್ ಹಾಕ್ತಿದ್ದೆ ಅಂದಾಗ ಇಡೀ ಮೇಜು ನಕ್ಕಿತಂತೆ. ಅವತ್ತಿನಿಂದ ಆನ್ಜಾಕ್ ದಿನ ಪರದೆ ಎಳೆದದ್ದು.

ಎಂಟನೆಯ ದಿನ ಬೀದಿಯ ಮೂಲೆಮನೆಯ ಯಜಮಾನರು ಬಂದರು. ಅವರೂ ಎಂಬತ್ತು ದಾಟಿದವರೇ. ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವರು, ನಾಲ್ಕು ಪದಕ, ನೆಟ್ಟಗಿನ ಬೆನ್ನು. ಹತ್ತಿರದ ಹಳೆಯ ಕಮ್ಯುನಿಟಿ ಹಾಲ್ ಮುಂದಿನ ಸ್ಮಾರಕದಲ್ಲಿ ಆನ್ಜಾಕ್ ದಿನ ವರ್ಷವರ್ಷ ಸತ್ತವರ ಹೆಸರು ಓದುವವರು ಅವರೇ. ಬಂದದ್ದು ದೂರು ಹೇಳಲು. ಚರಂಡಿಗೆ ನೀರು ವ್ಯರ್ಥವಾಗಿ ಹೋಗುತ್ತಿದೆ, ಬೀದಿಯಲ್ಲಿ ಬಟ್ಟೆ ಹರಡುವುದು ಈ ಕಡೆಯ ಪದ್ಧತಿಯಲ್ಲ ಎಂದರು. ನನಗೆ ರೇಗಿತು. ಪಕ್ಕದಲ್ಲಿ ತಾತ ಮೆಲ್ಲಗೆ ಮನೆಯ ಕಡೆ ಜಾರುತ್ತಿದ್ದುದನ್ನು ನೋಡಿ ಇನ್ನೂ ರೇಗಿತು. "ಸರ್, ನೀವು ವಿಮಾನ ಇಳಿಸ್ತಿದ್ರಲ್ಲ, ಆ ನೆಲಕ್ಕೂ ಇವರು ಹೀಗೇ ಗೋಣಿ ಹಾಸಿ ನೀರು ಹಾಕಿದ್ರು. ಅದೂ ವ್ಯರ್ಥನಾ?" ಎಂದುಬಿಟ್ಟೆ.

ಮೂಲೆಮನೆಯವರು ತಾತನ ಕಡೆ ತಿರುಗಿದರು. ಎಲ್ಲಿ ಎಂದು ಕೇಳಿದರು. ತಾತ ಊರು ಹೇಳಿದರು. ಮೂಲೆಮನೆಯವರು ಹಾರಿದ್ದು ಆ ಊರಿನಿಂದಲ್ಲ, ಮೂವತ್ತು ಮೈಲಿ ಆಚೆಯ ಇನ್ನೊಂದರಿಂದ.

"ಎಷ್ಟು ದಪ್ಪ ಹಾಕ್ತಿದ್ರಿ?"

"ಆರಿಂಚು. ಕೆಳಗೆ ಕಲ್ಲು. ಪುರುಸೊತ್ತು ಕೊಟ್ರೆ ಹದಿನಾಲ್ಕು ದಿನ ನೀರು. ಕೊಡದಿದ್ರೆ ಏಳು."

ಮೂಲೆಮನೆಯವರು ಬಗ್ಗಿ ಒಂದು ಸೀರೆಯ ಅಂಚೆತ್ತಿ ಕೆಳಗಿನ ನೆಲ ನೋಡಿದರು. ಆಮೇಲೆ, ಒಂದು ಸಲ ಒಂದೇ ಚಕ್ರದ ಮೇಲೆ ಇಳಿಯಬೇಕಾಯಿತು, ಒಳಗೆ ಏಳು ಜನ ಇದ್ದೆವು, ನೆಲ ಒಂದು ತಡೆದುಕೊಂಡರೆ ಸಾಕು ಎಂದುಕೊಂಡೆವು, ತಡೆದುಕೊಂಡಿತು ಎಂದರು. "ಹಾಕಿದೋರು ಯಾರು ಅಂತ ಅರುವತ್ತು ವರ್ಷದಲ್ಲಿ ಒಂದು ದಿನಾನೂ ಕೇಳಲಿಲ್ಲ ನಾನು." ಹೀಗೆಂದು ಕೈ ಚಾಚಿದರು. ತಾತ ತಮ್ಮ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ ಒರೆಸಿ ಕೊನೆಗೆ ಕೊಟ್ಟರು. ನನಗೆ ಅಳು ಬಂತು, ಬಗ್ಗಿ ಸೀರೆ ಸರಿಮಾಡಿದೆ.

ಬಾಯಿಬಡುಕಿ ನಾನು, ಅಷ್ಟಕ್ಕೇ ಬಿಡಲಿಲ್ಲ. ಆ ಸತ್ತ ಗೆಳೆಯನ ಹೆಸರನ್ನೂ ಆನ್ಜಾಕ್ ದಿನ ಓದಿ ಎಂದು ಮೂಲೆಮನೆಯವರನ್ನು ಕೇಳಿಕೊಂಡೆ. ಅಚ್ಚಾದ ಪಟ್ಟಿಗೆ ಸೇರಿಸುವ ಅಧಿಕಾರ ತಮಗಿಲ್ಲ ಎಂದರು. "ಪಟ್ಟಿ ಮುಗಿದ ಮೇಲೆ ಒಂದು ನಿಮಿಷ ಸುಮ್ನೆ ನಿಂತಿರ್ತೀನಿ. ಹೆಸರು ನಾನು ಹೇಳೋದಲ್ಲ. ಅವನನ್ನ ಬಲ್ಲೋರು ಹೇಳ್ಬೇಕು."

ತಾತ ಸುತರಾಂ ಒಪ್ಪಲಿಲ್ಲ. "ಅವನು ಸಾಯ್ತಿದ್ದಾಗ ನಾನು ಹೋಗ್ಲಿಲ್ಲ, ತೊಲೆ ಬಡೀತಿದ್ದೆ. ಅವನ ಹೆಸರು ಹೇಳೋ ಯೋಗ್ಯತೆ ನನಗಿಲ್ಲ," ಅಂದರು. ದಿನಾ ಕೇಳಿದೆ, ದಿನಾ ಅದೇ ಮಾತು. ಹನ್ನೊಂದನೆಯ ದಿನ ನಾನು ನಾಲಿಗೆ ಹರಿಯಬಿಟ್ಟೆ. "ಅಂಕಲ್, ಆ ಹೆಸರು ಗೊತ್ತಿರೋರು ಈ ಭೂಮಿ ಮೇಲೆ ನೀವೊಬ್ರೇ. ನಿಮ್ಮ ಜೊತೆ ಅದೂ ಮಣ್ಣಿಗೆ ಹೋಗ್ಲಿ ಅಂತೀರಾ?" ಅವರು ಕೈಯಲ್ಲಿದ್ದ ಸೀರೆಯ ತುದಿಯನ್ನು ಮೆಲ್ಲಗೆ ಕೆಳಗಿಟ್ಟು ಮನೆಗೆ ಹೋದರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನೂ ಮಗಳೂ ಎರಡು ತುದಿ ಹಿಡಿದು ನೀರು ಹಾಕಿದೆವು, ಅವಳ ಕಡೆಯದು ಯಾವಾಗಲೂ ಸೊಟ್ಟ. ನನಗೆ ಊಟ ಸೇರುತ್ತಿರಲಿಲ್ಲ. ಒಬ್ಬ ಮುದುಕನ ಗಾಯಕ್ಕೆ ಕೈ ಹಾಕಲು ನಾನ್ಯಾರು ಅನ್ನಿಸಿ ಹೋಯಿತು.

ಆನ್ಜಾಕ್ ದಿನ ಬೆಳಗಿನ ಜಾವ ಮಗಳ ಕೈ ಹಿಡಿದು ಹೊರಟಾಗ ತಾತನ ಮನೆಯ ಪರದೆ ಎಂದಿನಂತೆ ಮುಚ್ಚಿತ್ತು. ಹಾಲ್ ಮುಂದೆ ಇನ್ನೂರು ಜನ ಇದ್ದಿರಬಹುದು, ಚಳಿಗೆ ಬಾಯಿಂದ ಹೊಗೆ. ಮೂಲೆಮನೆಯವರು ಹೆಸರು ಓದಿದರು. ಒಂದೊಂದು ಹೆಸರಿಗೂ ಒಂದೊಂದು ಉಸಿರಿನ ಬಿಡುವು. ಪಟ್ಟಿ ಮುಗಿಯಿತು. ಕಾಗದ ಮಡಿಸಿ, ಹೇಳಿದ ಮಾತಿನಂತೆ ಸುಮ್ಮನೆ ನಿಂತರು. ಏನೂ ಆಗುತ್ತಿಲ್ಲ. ಯಾರೋ ಕೆಮ್ಮಿದರು. ಇನ್ನೇನು ತುತ್ತೂರಿಯವನು ಮುಂದೆ ಬರಬೇಕು, ಮಗಳು ನನ್ನ ಕೈ ಜಗ್ಗಿದಳು.

"ಅಮ್ಮ, ತಾತ!"

ಹಿಂದಿನ ಸಾಲಿನಿಂದ ಬರುತ್ತಿದ್ದರು. ಮದುವೆಯ ಕಾಲದ್ದೋ ಏನೋ, ದೊಗಳೆ ಕರಿ ಸೂಟು. ಎದೆಯ ಮೇಲೆ ಏನೂ ಇಲ್ಲ, ಕಂಕುಳಲ್ಲಿ ಆ ಮರದ ಹಲಗೆ. ಜನ ದಾರಿ ಬಿಟ್ಟರು. ಮೂಲೆಮನೆಯವರು ಮೈಕ್ ಮುಂದಕ್ಕೆ ಸರಿಸಿದರೆ ಬೇಡವೆಂದು ಕೈಯಾಡಿಸಿದರು. ಆಮೇಲೆ ಕೂಗಿದರು. ಅವತ್ತು ನನ್ನ ಪೈಪು ನಿಲ್ಲಿಸಿದ ಅದೇ ಗಂಟಲು, ಹತ್ತು ಕಾಂಕ್ರೀಟ್ ಮಿಕ್ಸರುಗಳ ಸದ್ದಿನ ಮೇಲೆ ಕೇಳಿಸಬೇಕಾದ ಗಂಟಲು. ಅವನ ಹೆಸರು, ಅವನ ಊರು. "ರನ್‌ವೇ ಹಾಕುವಾಗ ಸತ್ತ. ತೊಲೆಯ ಆ ತುದಿ ಹಿಡಿದಿದ್ದ. ಆ ಅಂಕಣ ನಾನು ಮುಗಿಸಿದೆ, ನೆಲ ಸಮವಾಗಿತ್ತು."

ಇಷ್ಟೇ. ಮೂಲೆಮನೆಯವರು ನಾಲ್ಕು ಪದಕಗಳ ಸಮೇತ ನೆಟ್ಟಗೆ ನಿಂತು ಅವರಿಗೆ ಸೆಲ್ಯೂಟ್ ಹೊಡೆದರು. ಹೊಡೆದು ಆ ಹೆಸರನ್ನು ಮತ್ತೊಮ್ಮೆ ಹೇಳಿದರು. ಪಕ್ಕದಲ್ಲಿದ್ದವರು ಹೇಳಿದರು. ಸಾಲಿನಿಂದ ಸಾಲಿಗೆ ಅದು ಹೋಯಿತು, ನಾಲಿಗೆ ಹೊರಳದ ಆ ಐರಿಷ್ ಹೆಸರನ್ನು ನಾನೂ ನನ್ನ ಮೈಸೂರು ಬಾಯಲ್ಲಿ ಹೇಳಿದೆ. ಅರುವತ್ತು ವರ್ಷ ಯಾರೂ ಎತ್ತದ ಹೆಸರನ್ನು ಇನ್ನೂರು ಜನ ಹೇಳಿದರು. ತಾತ ಅಳಲಿಲ್ಲ. ಕುಸ್ತಿ ಗೆದ್ದವನ ಹಾಗೆ ಎದೆ ಸೆಟೆಸಿ ಸುತ್ತಲೂ ಒಂದು ಸಲ ನೋಡಿದರು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಪಟ್ಟ ದಿನಗಳು ಬಹಳ ಇಲ್ಲ.

ಬಿಸಿಲೇರಿದ ಮೇಲೆ ಬಂದು ತಾವೇ ಸೀರೆಗಳನ್ನು ತೆಗೆಸಿದರು. ಹದಿನಾಲ್ಕು ದಿನ ಆಗಿತ್ತು. ಕರಣೆಯ ಹಿಡಿಯಿಂದ ಡ್ರೈವ್‌ವೇಯನ್ನು ತಟ್ಟಿದರೆ ಕಂಚಿನ ಪಾತ್ರೆಯಂತೆ ಠಣ್ ಅಂದಿತು. ನಾನು ಅವತ್ತು ಆಡಿದ ಮಾತಿಗೆ ಕ್ಷಮೆ ಕೇಳಲು ಹೋದೆ. ಅವರು, "ಈ ಸಲ ಸರಿಯಾದ ಹೊತ್ತಿಗೇ ನೀರು ಹಾಕಿದೀಯ ಬಿಡು," ಅಂದರು.

ಆಮೇಲೆ ನಾಲ್ಕು ಆನ್ಜಾಕ್ ದಿನಗಳಲ್ಲಿ ಅವರೇ ಬಂದು ಆ ಹೆಸರು ಕೂಗಿದರು, ಪ್ರತಿ ಸಲವೂ ಮೂಲೆಮನೆಯವರ ಪಕ್ಕದಲ್ಲೇ ನಿಂತು. ಐದನೆಯದಕ್ಕೆ ತಾತ ಇರಲಿಲ್ಲ. ಆ ಬೆಳಿಗ್ಗೆ ಹೇಳಿದವಳು ನನ್ನ ಮಗಳು, ಒಂದಲ್ಲ, ಎರಡು ಹೆಸರು. ಈಗ ಅವಳು ವೆಲ್ಲಿಂಗ್ಟನ್ನಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿನ ಗಾಳಿಯಲ್ಲಿ ನಿಂತು ಹೇಳಿ ಬಂದು ಫೋನ್ ಮಾಡುತ್ತಾಳೆ. "ಹೇಳ್ದೆ ಅಮ್ಮ," ಅನ್ನುತ್ತಾಳೆ, ವರ್ಷಕ್ಕೊಂದು ಪೂರ್ತಿ ಕನ್ನಡದ ವಾಕ್ಯ. ಆ ಹೆಸರುಗಳನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆಯುವುದಲ್ಲ ಎಂದು ಹೇಳಿದವರು ಅವರೇ.

ಹೋದ ಶನಿವಾರ ಗೋಣಿ ಹಿಂಡಿಟ್ಟು ಮೊದಲು ಹೆಬ್ಬೆರಳು ಒತ್ತಿ ನೋಡಿದೆ. ಗುರುತು ಮೂಡಲಿಲ್ಲ. ಬೀರುವಿನಿಂದ ಒಂದು ಹಳೆಯ ಸೀರೆ ತಂದು ನೆನೆಸಿ ಹಾಸಲು ಹೊರಟರೆ, ಒಬ್ಬಳ ಕೈಗೆ ಅದು ಬಗ್ಗುವುದಿಲ್ಲ, ಮುದುಡಿಕೊಳ್ಳುತ್ತದೆ. ಆ ತುದಿಗೆ ಒಂದು ಇಟ್ಟಿಗೆ ಇಟ್ಟೆ. ಈ ತುದಿಯನ್ನು ಎಳೆದು ಹಿಡಿದು ನಿಂತು, ಮಿಕ್ಸರುಗಳ ಸದ್ದಿನ ಮೇಲೆ ಕೇಳಿಸುವ ಹಾಗೆ, ಎರಡೂ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಆಚೆ ಬೀದಿಯಲ್ಲಿ ಯಾವುದೋ ನಾಯಿ ಎದ್ದು ಬೊಗಳಿತು.